ಬುಗುರಿ ಸುತ್ತಿದ್ದು ಆಟಕ್ಕಲ್ಲ

ಕಳೆದ ಸಂಚಿಕೆಯಲ್ಲಿ ಪುಣೆಯ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಬಗ್ಗೆ ಬರೆಯುತ್ತಾ, 'ನಮ್ಮ ಮನೆಯಲ್ಲಿ ಒಂದು ಸಣ್ಣ ನಾಯಿಯೂ ಇದೆ' ಎಂದು ಒಂದು ಸಾಲು ಸೇರಿಸಿದ್ದೆ. ಕರಾರಿಗಿಂತ ಆ ಸಾಲಿಗೇ ಹೆಚ್ಚು ಪತ್ರ ಬಂದವು. ಚೆನ್ನೈ, ಠಾಣೆ, ಹೈದರಾಬಾದಿನಿಂದ ಬರೆದವರಲ್ಲಿ ಹಲವರ ಪ್ರಶ್ನೆ ಒಂದೇ: 'ನಮ್ಮದೂ ಸಣ್ಣ ಜಾತಿ ನಾಯಿ. ಹಗಲೂ ರಾತ್ರಿ ಕೆರೆದುಕೊಳ್ಳುತ್ತದೆ, ಕಾಲು ನೆಕ್ಕುತ್ತದೆ. ನಿಮ್ಮದಕ್ಕೂ ಹೀಗೆ ಆಗಿದೆಯೆ?'

ಆಗಿದೆ. ಆಗಿದ್ದಷ್ಟೇ ಅಲ್ಲ, ಆ ತುರಿಕೆಯ ದೆಸೆಯಿಂದ ನಾವು ನಾಯಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆವು. ನಾನು ಪಶುವೈದ್ಯನಲ್ಲ, ಹಿಂಜವಡಿಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದ್ದರಿಂದ ಇದನ್ನು ಚಿಕಿತ್ಸೆಯ ಸಲಹೆ ಎಂದು ಓದಬೇಡಿ. ಒಂದು ಮನೆಯವರು ಮಾಡಿದ ತಪ್ಪುಗಳ ಪಟ್ಟಿ, ಆಮೇಲೆ ಒಬ್ಬ ಒಳ್ಳೆಯ ಡಾಕ್ಟರಿಂದ ಕಲಿತ ಪಾಠ ಎಂದು ಓದಿ.

ನಮ್ಮ ನಾಯಿ ಶಿಹ್ ಟ್ಸು ಜಾತಿಯದು, ತೂಕ ಐದು ಕಿಲೋ. ಮೂರು ತಿಂಗಳ ಮರಿಯಾಗಿ ವಾಕಡ್‌ನ ನಮ್ಮ ಫ್ಲ್ಯಾಟಿಗೆ ಬಂದಾಗ ಖುಷಿಯಾದರೆ ಸಾಕು, ತನ್ನ ಬಾಲ ಹಿಡಿಯಲು ಗಿರಗಿರ ಸುತ್ತುತ್ತಿದ್ದಳು. ಅದನ್ನು ನೋಡಿ ಮಗಳು ಇಟ್ಟ ಹೆಸರು ಬುಗುರಿ. ಅವಳಿಗೆ ಎರಡು ವರ್ಷ ತುಂಬಿದ ಮಳೆಗಾಲದಲ್ಲಿ ಸುತ್ತುವುದು ಹೆಚ್ಚಾಯಿತು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಒಂದು ಭಾನುವಾರ ನಾನು ವಿಡಿಯೋ ಮಾಡಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಧಾರವಾಡದಿಂದ ಅಮ್ಮ, ಬೆಳಗಾವಿಯಿಂದ ಅಕ್ಕ, ಎಲ್ಲರೂ ನಕ್ಕರು. ನಾವೂ ನಕ್ಕೆವು. ಈಗ ಆ ವಿಡಿಯೋ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳು ಬಾಲ ಹಿಡಿಯುತ್ತಿರಲಿಲ್ಲ, ಬಾಲದ ಬುಡ ಕಚ್ಚಿಕೊಳ್ಳುತ್ತಿದ್ದಳು. ಹೆಸರೇ ಬುಗುರಿ ಎಂದಾದ ಮೇಲೆ, ಆಟ ಯಾವಾಗ ಬೇನೆಯಾಯಿತು ಎಂಬುದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಪಾದ ನೆಕ್ಕುವುದು ಶುರುವಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಿಂದ ಚಪ ಚಪ ಚಪ ಸದ್ದು. ಬಿಳಿ ಪಾದಗಳ ಕೂದಲು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದು ಜೊಲ್ಲಿನ ಕಲೆ ಎಂದು ಗೊತ್ತಾಗಿದ್ದು ಆಮೇಲೆ. ಕಿವಿ ಕೆಂಪಗಾಯಿತು, ಕಂಕುಳ ಚರ್ಮ ದಪ್ಪವಾಗಿ ಕಪ್ಪಾಯಿತು, ಮೈಯಿಂದ ಹುಳಿ ಹಿಟ್ಟಿನಂಥ ವಾಸನೆ ಬರತೊಡಗಿತು.

ಆಗ ನಾವು ಮಾಡಿದ್ದೇನು? ಮೊದಲು, ಮಗಳ ಶಾಂಪೂ ಹಾಕಿ ದಿನ ಬಿಟ್ಟು ದಿನ ಸ್ನಾನ ಮಾಡಿಸಿದೆವು. ಮಕ್ಕಳಿಗೆ ಆಗುವುದು ನಾಯಿಗೂ ಆದೀತು ಎಂಬ ಲೆಕ್ಕ. ನಮ್ಮ ಚರ್ಮ ತುಸು ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ನಮ್ಮದಕ್ಕಿಂತ ತೆಳುವೂ ಹೌದು. ನಮ್ಮ ಶಾಂಪೂ ಅವಳ ಚರ್ಮದ ಎಣ್ಣೆಯ ಪದರವನ್ನೇ ತೊಳೆದುಹಾಕಿ ಇನ್ನಷ್ಟು ಒಣಗಿಸಿತು. ಅಮ್ಮ ಫೋನಿನಲ್ಲಿ, "ಯಪ್ಪಾ, ಬೇವಿನ ತಪ್ಪಲಾ ಕುದಿಸಿ ಮೈ ತೊಳಿ. ನಮ್ಮ ಹೊಲದಾಗಿನ ನಾಯಿಗೆ ಯಾವ ಡಾಕ್ಟರ್ ಇದ್ದ?" ಎಂದರು. ಬೇವಾಯಿತು, ಅರಿಶಿನವಾಯಿತು, ಕೊಬ್ಬರಿ ಎಣ್ಣೆಯಾಯಿತು. ಎಣ್ಣೆ ಹಚ್ಚಿದಷ್ಟೂ ಹೆಚ್ಚು ನೆಕ್ಕಿದಳು.

ಮೂರನೆಯ ತಪ್ಪು ದೊಡ್ಡದು. ನಮ್ಮ ಔಷಧದ ಡಬ್ಬಿಯಲ್ಲಿ ಗಜಕರ್ಣಕ್ಕೆಂದು ತಂದ ಒಂದು ಟ್ಯೂಬ್ ಇತ್ತು. ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯಾಟಿಕ್ ಎಲ್ಲ ಸೇರಿಸಿದ ಮುಲಾಮು, ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುವಂಥದು. ಅದನ್ನು ಪಾದಕ್ಕೆ ಹಚ್ಚಿದೆ. ಐದು ನಿಮಿಷದಲ್ಲಿ ನೆಕ್ಕಿ ಮುಗಿಸಿದಳು. ಮತ್ತೆ ಹಚ್ಚಿದೆ. ನಾಲ್ಕು ದಿನದಲ್ಲಿ ಬಟ್ಟಲುಗಟ್ಟಲೆ ನೀರು ಕುಡಿಯುವುದು, ಮನೆಯೊಳಗೇ ಉಚ್ಚೆ ಹೊಯ್ಯುವುದು ಶುರುವಾಯಿತು. ಹೊಟ್ಟೆಗೆ ಹೋದ ಸ್ಟೀರಾಯ್ಡ್ ಮಾಡುವ ಕೆಲಸ ಅದು. ನಾಯಿಗೆ ಹಚ್ಚಿದ್ದೆಲ್ಲ ಕೊನೆಗೆ ನಾಯಿ ತಿಂದಂತೆಯೇ. ಐದು ಕಿಲೋ ಮೈಗೆ ನಮ್ಮ ಒಂದು ಚಿಟಿಕೆಯೂ ದೊಡ್ಡ ಡೋಸೇ.

ನಂತರ ಒಂದು ಕ್ಲಿನಿಕ್ಕಿಗೆ ಹೋದೆವು. ಎರಡು ನಿಮಿಷ ನೋಡಿ, 'ಅಲರ್ಜಿ' ಎಂದು ಒಂದು ಇಂಜೆಕ್ಷನ್ ಕೊಟ್ಟರು. ಮರುದಿನವೇ ತುರಿಕೆ ಮಾಯ! ಮೂರು ವಾರ ಮನೆಯಲ್ಲಿ ಹಬ್ಬ. ನಾಲ್ಕನೆಯ ವಾರ ಮತ್ತೆ ಚಪ ಚಪ. ಇನ್ನೊಂದು ಇಂಜೆಕ್ಷನ್. ಈ ಸಲ ಎರಡು ವಾರವೂ ನಿಲ್ಲಲಿಲ್ಲ. ಬಾಲದ ಬುಡದಲ್ಲಿ ರೂಪಾಯಿಯಗಲ ಕೂದಲುದುರಿ ಹಸಿ ಗಾಯವಾಯಿತು.

ಆ ಗಾಯವೇ ಲಿಫ್ಟಿನಲ್ಲಿ ಜನರ ಕಣ್ಣಿಗೆ ಬಿದ್ದದ್ದು. ಮೇಲಿನ ಮಹಡಿಯ ಒಬ್ಬರು ಮಗುವನ್ನು ಹಿಂದಕ್ಕೆಳೆದುಕೊಂಡು ಹೆಂಡತಿಗೆ, "ಇದಕ್ಕೆ ಕಜ್ಜಿ ಆಗಿದೆ, ಮಕ್ಕಳಿಗೆ ಹತ್ತುತ್ತದೆ. ಲಿಫ್ಟಿನಲ್ಲಿ ತರಬೇಡಿ" ಎಂದರಂತೆ. ಅವರನ್ನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆನೇನೋ. ಎರಡು ದಿನಕ್ಕೆ ಮನೆ ಮಾಲೀಕರ ಮೆಸೇಜು ಬಂತು: 'ನಾಯಿಗೆ ರೋಗ ಇದೆ ಎಂದು ಕೇಳಿದೆ. ಕರಾರು ನವೀಕರಿಸುವ ಮೊದಲು ಮಾತಾಡೋಣ.'

ಆ ರಾತ್ರಿ ನಾವಿಬ್ಬರೂ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದೆವು. "ನಿಮ್ಮ ಗೆಳೆಯರ ತೋಟ ಐತಲ್ರಿ ಸಾತಾರದ ಕಡೆ, ಅಲ್ಲಿ ಬಿಟ್ಟರ..." ಎಂದು ಹೆಂಡತಿ ಅರ್ಧಕ್ಕೆ ನಿಲ್ಲಿಸಿದಳು. ನಾನು ಬೇಡವೆನ್ನಲಿಲ್ಲ. ಫೋನ್ ತೆಗೆದು ಗೆಳೆಯನಿಗೆ ಮೆಸೇಜು ಟೈಪ್ ಮಾಡಿದೆ, ಕಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಬುಗುರಿಯ ನಾಲ್ಕೂ ಕಾಲಿಗೆ ಮಗಳ ಶಾಲೆಯ ಬಿಳಿ ಸಾಕ್ಸ್, ಮೇಲೆ ರಬ್ಬರ್ ಬ್ಯಾಂಡ್. "ಪಪ್ಪಾ, ಇನ್ನ ನೆಕ್ಕೂದಿಲ್ಲ. ಇನ್ನ ಕಳಸಬ್ಯಾಡ್ರಿ" ಎಂದಳು. ಎಂಟು ವರ್ಷದ ಹುಡುಗಿ, ಎಲ್ಲ ಕೇಳಿಸಿಕೊಂಡಿದ್ದಳು. ರಬ್ಬರ್ ಬ್ಯಾಂಡ್ ರಕ್ತದ ಓಟವನ್ನೇ ನಿಲ್ಲಿಸುತ್ತದೆ, ನಾಯಿಗೆ ಅದನ್ನು ಎಂದೂ ಹಾಕಬಾರದು. ಅವನ್ನು ಬಿಚ್ಚುತ್ತಾ, ಇನ್ನೊಬ್ಬ ಡಾಕ್ಟರಿಗೆ ತೋರಿಸಿಯೇ ತೀರ್ಮಾನಿಸೋಣ ಎಂದೆ.

ಈ ಡಾಕ್ಟರು ಬಾಯಿ ಬಹಳ ಹೊತ್ತು ನಾಯಿಯನ್ನು ಮುಟ್ಟಲೇ ಇಲ್ಲ, ಪ್ರಶ್ನೆ ಕೇಳಿದರು. ತುರಿಕೆ ಎಷ್ಟನೆಯ ವಯಸ್ಸಿಗೆ ಶುರುವಾಯಿತು? ಯಾವ ಭಾಗ ಮೊದಲು? ವರ್ಷವಿಡೀ ಇದೆಯೋ, ಮಳೆಗಾಲದಲ್ಲಿ ಮಾತ್ರವೋ? ಏನೇನು ತಿನ್ನುತ್ತಾಳೆ? ಮಲ ದಿನಕ್ಕೆಷ್ಟು ಸಲ? ಮನೆಯಲ್ಲಿ ಯಾರಿಗಾದರೂ ಮೈ ತುರಿಸುತ್ತಿದೆಯೆ? ಹುಳಕ್ಕೆ, ಚಿಗಟಕ್ಕೆ ಔಷಧ ಕೊನೆಗೆ ಕೊಟ್ಟದ್ದೆಂದು? ಕೊನೆಯ ಪ್ರಶ್ನೆಗೆ ನಾನು ಧೈರ್ಯವಾಗಿ, "ನಮ್ಮದು ಫ್ಲ್ಯಾಟ್ ಮನೆ, ಚಿಗಟ ಇಲ್ಲ ಮ್ಯಾಡಮ್" ಎಂದೆ.

ಅವರು ಒಂದು ಬಿಳಿ ಟಿಶ್ಯೂ ಕಾಗದ ಒದ್ದೆ ಮಾಡಿ ಮೇಜಿನ ಮೇಲೆ ಹಾಸಿದರು. ಬುಗುರಿಯ ಬಾಲದ ಬುಡದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ್ದನ್ನು ಕಾಗದಕ್ಕೆ ಕೊಡವಿದರು. ಕಾಳುಮೆಣಸಿನ ಪುಡಿಯಂಥ ಕರಿ ಚುಕ್ಕೆಗಳು. ಅರ್ಧ ನಿಮಿಷದಲ್ಲಿ ಪ್ರತಿ ಚುಕ್ಕೆಯ ಸುತ್ತಲೂ ಕಂದುಗೆಂಪು ಬಣ್ಣ ಹರಡಿತು. "ಇದು ಮಣ್ಣಲ್ಲ. ಚಿಗಟ ಕುಡಿದು ಹೊರಹಾಕಿದ ನಿಮ್ಮ ನಾಯಿಯ ರಕ್ತ" ಎಂದರು. ನನಗೆ ವಾಟ್ಸಾಪಿನ ವಿಡಿಯೋ ನೆನಪಾಗಿ ತಲೆಯೆತ್ತಲಾಗಲಿಲ್ಲ.

ಚಿಗಟ ಕಾಣಲಿಲ್ಲ ಎಂದರೆ ಚಿಗಟ ಇಲ್ಲವೆಂದಲ್ಲ. ಅಲರ್ಜಿ ಇರುವ ನಾಯಿ ಎಷ್ಟು ಕಚ್ಚಿಕೊಳ್ಳುತ್ತದೆಂದರೆ, ಮೈಮೇಲಿನ ಚಿಗಟವನ್ನು ತಾನೇ ನುಂಗಿಬಿಡುತ್ತದೆ. ಅಲರ್ಜಿಯಾಗುವುದು ಚಿಗಟದ ಜೊಲ್ಲಿಗೆ, ಕೆಲವೇ ಕಡಿತ ಸಾಕು. ಬಾಲದ ಬುಡ, ಸೊಂಟ, ಹಿಂದೊಡೆ ಅದರ ಖಾಯಂ ವಿಳಾಸ. ನಾವು ಮೂರನೆಯ ಮಹಡಿಯವರಾದರೇನು, ಪಾರ್ಕಿಂಗಿನಲ್ಲಿ ಮಲಗುವ ಬೆಕ್ಕುಗಳ ಚಿಗಟವೂ ನಾಯಿಗೆ ಹತ್ತುತ್ತದೆ.

"ಹಾಗಾದರೆ ಇಷ್ಟೇನಾ?" ಎಂದೆ. "ಅಷ್ಟು ಸುಲಭ ಇದ್ದರೆ ಪಾದ ಯಾಕೆ ನೆಕ್ಕುತ್ತಾಳೆ?" ಎಂದು ಮರುಪ್ರಶ್ನೆ ಹಾಕಿದರು. ತುರಿಕೆ ಎನ್ನುವುದು ಜ್ವರವಿದ್ದ ಹಾಗೆ, ರೋಗದ ಹೆಸರಲ್ಲ. ಚಿಗಟದ ಅಲರ್ಜಿ ಇರಬಹುದು, ಆಹಾರದ್ದಿರಬಹುದು, ಧೂಳಿನ ನುಸಿ, ಪರಾಗ, ಬೂಷ್ಟಿನದ್ದಿರಬಹುದು. ಇವುಗಳ ಮೇಲೆ ಕೆರೆದ ಚರ್ಮಕ್ಕೆ ಹತ್ತುವ ಬ್ಯಾಕ್ಟೀರಿಯಾ, ಯೀಸ್ಟ್ ಸೋಂಕು. ಒಂದೇ ನಾಯಿಗೆ ಎರಡು ಮೂರು ಒಟ್ಟಿಗೆ ಇರುವುದೇ ಹೆಚ್ಚು. ಅವರು ಕೊಟ್ಟ ಹೋಲಿಕೆ ನೀರಿನ ಕೊಡದ್ದು: ಪ್ರತಿಯೊಂದು ಕಾರಣವೂ ಒಂದೊಂದು ತಂಬಿಗೆ ನೀರು ಸುರಿಯುತ್ತದೆ, ಕೊಡ ತುಂಬಿ ಚೆಲ್ಲಿದಾಗ ನಾಯಿ ಕೆರೆದುಕೊಳ್ಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ನಮ್ಮ ಗಾದೆ ಇಲ್ಲಿ ನಡೆಯುವುದಿಲ್ಲ. ಎಲ್ಲ ತಂಬಿಗೆಗಳನ್ನು ತಡೆಯಲು ಆಗದಿದ್ದರೂ ಎರಡನ್ನು ತಡೆದರೆ ಕೊಡ ಚೆಲ್ಲುವುದು ನಿಲ್ಲಬಹುದು.

ಇದು ನನಗೆ ತಟ್ಟನೆ ಅರ್ಥವಾಯಿತು. ಆಫೀಸಿನಲ್ಲಿ ಒಂದು ಬಗ್ ಹುಡುಕುವಾಗ ಒಂದೇ ಸಲಕ್ಕೆ ನಾಲ್ಕು ಕಡೆ ಕೋಡ್ ಬದಲಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಹೊಸಬರಿಗೆ ಇದನ್ನೇ ಹೇಳಿಕೊಡುವ ನಾನು ಮನೆಯಲ್ಲಿ ಶಾಂಪೂ, ಎಣ್ಣೆ, ಮುಲಾಮು, ಇಂಜೆಕ್ಷನ್, ಹೊಸ ಬ್ರ್ಯಾಂಡಿನ ಆಹಾರ ಎಲ್ಲವನ್ನೂ ಒಂದೇ ತಿಂಗಳಲ್ಲಿ ಬದಲಿಸಿದ್ದೆ. ಅದಕ್ಕೆ ಕಾರಣ ನಿರ್ಲಕ್ಷ್ಯವಲ್ಲ, ಅವಸರ. ಪ್ರೀತಿಯ ಅವಸರವಾದರೂ ಅವಸರವೇ.

ಅವತ್ತೇ ಅವರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಹುಳಕಜ್ಜಿಯ ನುಸಿ ಇದೆಯೇ ಎಂದು ನೋಡಿದರು. ಈ ಪರೀಕ್ಷೆ ಮುಖ್ಯ. ಸಾರ್ಕಾಪ್ಟಿಸ್ ಎಂಬ ನುಸಿಯ ಕಜ್ಜಿ ಮತ್ತು ಗಜಕರ್ಣ ಮನುಷ್ಯರಿಗೂ ಹತ್ತುತ್ತವೆ. ಡೆಮೊಡೆಕ್ಸ್ ನುಸಿಯ ಕಜ್ಜಿ ಮನುಷ್ಯರಿಗೆ ಹತ್ತುವುದಿಲ್ಲ. ಅಲರ್ಜಿ ಅಂತೂ ಯಾರಿಗೂ ಹತ್ತುವುದಿಲ್ಲ. ಸಾರ್ಕಾಪ್ಟಿಸ್ ಕೆಲವೊಮ್ಮೆ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳುವುದುಂಟು, ಆದರೆ ಚಿಗಟಕ್ಕೆಂದು ಬರೆಯುವ ಮಾತ್ರೆ ಅದನ್ನೂ ನೋಡಿಕೊಳ್ಳುತ್ತದೆ ಎಂದರು. ಬುಗುರಿಯದು ಅಲರ್ಜಿ, ಅಂಟುವ ರೋಗದ ಲಕ್ಷಣವಿಲ್ಲ ಎಂದು ಒಂದು ಚೀಟಿ ಬರೆಸಿಕೊಂಡೆ. ಅದರ ಫೋಟೋವನ್ನು ಮಾಲೀಕರಿಗೂ ಲಿಫ್ಟಿನ ನೆರೆಯವರಿಗೂ ಕಳಿಸಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ವಸತಿ ಸಂಘಗಳು ಸಾಕುನಾಯಿಯನ್ನಾಗಲಿ, ಅದು ಲಿಫ್ಟ್ ಬಳಸುವುದನ್ನಾಗಲಿ ನಿಷೇಧಿಸುವಂತಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ನಿಯಮ ಹೇಳಿ ಗೆಲ್ಲುವುದಕ್ಕಿಂತ ಚೀಟಿ ತೋರಿಸಿ ಹೆದರಿಕೆ ಹೋಗಿಸುವುದು ಲೇಸು. ಮಾಲೀಕರು 'ಸರಿ' ಎಂದು ಒಂದೇ ಶಬ್ದದ ಉತ್ತರ ಕೊಟ್ಟರು. ಗೆಳೆಯನಿಗೆ ಟೈಪ್ ಮಾಡಿಟ್ಟ ಮೆಸೇಜನ್ನು ಅಂದು ಅಳಿಸಿದೆ.

ಮೊದಲ ತಂಬಿಗೆ ಚಿಗಟ. ತಿಂಗಳಿಗೊಮ್ಮೆ ಕೊಡುವ ಮಾತ್ರೆ ಬರೆದರು. ಬರೆಯುವ ಮೊದಲು, ಅವಳಿಗೆ ಎಂದಾದರೂ ಫಿಟ್ಸ್ ಬಂದಿತ್ತೆ ಎಂದು ಕೇಳಿದರು. ಈ ಬಗೆಯ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಸೆಳೆತ ಬರಬಹುದೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಆ ಇತಿಹಾಸವಿದ್ದರೆ ನೀವೇ ಮುಂದಾಗಿ ಹೇಳಬೇಕು. ಮಾತ್ರೆಯಷ್ಟೇ ಸಾಲದು. ದೊಡ್ಡ ಚಿಗಟಗಳು ಒಟ್ಟು ಸಂತತಿಯ ಶೇಕಡಾ 5ರಷ್ಟು ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳ, ಗೂಡಿನ ರೂಪದಲ್ಲಿ ನಮ್ಮ ಸೋಫಾ, ಚಾಪೆ, ಮಂಚದ ಕೆಳಗಿರುತ್ತದೆ ಎಂಬುದು ಪಶುವೈದ್ಯರ ಲೆಕ್ಕ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾದು ಹೊರಬರಬಲ್ಲದು. ಹಾಗಾಗಿ ಮೂರು ತಿಂಗಳು ಬಿಡದೆ ಮಾಡಬೇಕು. ಅವಳ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದೆವು. ದಿನವೂ ಸೋಫಾ ಸಂದಿಗೆ ವ್ಯಾಕ್ಯೂಮ್ ಹಾಕಿದೆವು. ಮನೆಗೆಲಸದ ಮೌಶಿಗೆ ವಿಷಯ ಹೇಳಿದಾಗ, ನಾವು ಎಂದೂ ಗುಡಿಸದ ಶೂ ರ್‍ಯಾಕಿನ ಹಿಂಭಾಗವನ್ನು ಅವರೇ ತೋರಿಸಿದರು.

ಎರಡನೆಯದು ಸೋಂಕು. ಆ ಹುಳಿ ವಾಸನೆ ಯೀಸ್ಟಿನದು. ಪಾರದರ್ಶಕ ಟೇಪನ್ನು ಚರ್ಮಕ್ಕೆ ಅಂಟಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು, ಶೇಂಗಾಕಾಯಿಯ ಆಕಾರದ ಕಣಗಳು. ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಇರುವ ನಾಯಿಗಳ ಶಾಂಪೂ, ವಾರಕ್ಕೆರಡು ಸಲ. ಗುಟ್ಟು ಶಾಂಪೂವಿನಲ್ಲಿಲ್ಲ, ಗಡಿಯಾರದಲ್ಲಿದೆ. ಹಚ್ಚಿದ ಮೇಲೆ ಹತ್ತು ನಿಮಿಷ ಮೈಮೇಲೆ ಇರಬೇಕು. ಮಗಳು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಎರಡರಿಂದ ಹನ್ನೆರಡರವರೆಗೆ ಮಗ್ಗಿ ಹೇಳುತ್ತಿದ್ದಳು, ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಆಮೇಲೆ ಉಗುರುಬೆಚ್ಚಗಿನ ನೀರಿನಿಂದ ಶಾಂಪೂ ಚೂರೂ ಉಳಿಯದಂತೆ ತೊಳೆದು, ಬೆರಳ ಸಂದಿ, ಕಂಕುಳು, ಕಿವಿಯ ಮಡಿಕೆ ಪೂರ್ತಿ ಒಣಗುವಂತೆ ಒರೆಸಬೇಕು. ಉದ್ದ ಕೂದಲಿನ ಸಣ್ಣ ನಾಯಿಗಳಲ್ಲಿ ಒದ್ದೆ ಉಳಿಯುವುದೇ ಅಲ್ಲಿ. ಪುಣೆಯ ಮಳೆಗಾಲ, ಮುಂಬೈ ಚೆನ್ನೈಗಳ ಸೆಕೆ, ಎರಡೂ ಯೀಸ್ಟಿಗೆ ತವರುಮನೆ. ಪಾದದ ಕೂದಲನ್ನು ಗಿಡ್ಡ ಮಾಡಿಸಿದೆವು. ಗಾಯ ಮಾಯುವವರೆಗೆ ಕೊರಳಿಗೆ ಪ್ಲಾಸ್ಟಿಕ್ ಕಾಲರ್. ಮಗಳ ಭಾಷೆಯಲ್ಲಿ 'ಲೌಡ್‌ಸ್ಪೀಕರ್'.

ನವೆಂಬರ್ ಹೊತ್ತಿಗೆ ಬಾಲದ ಬುಡದಲ್ಲಿ ಕೂದಲು ಬಂತು, ವಾಸನೆ ಹೋಯಿತು. ಪಾದ ನೆಕ್ಕುವುದು ಮಾತ್ರ ಅರ್ಧ ಉಳಿಯಿತು.

ಮೂರನೆಯ ತಂಬಿಗೆ ಆಹಾರ. ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಬುಗುರಿ ದಿನವೂ ತಿನ್ನುತ್ತಿದ್ದುದು ಕೋಳಿಯ ಒಣ ಆಹಾರ, ನಮ್ಮ ತಟ್ಟೆಯ ಮೊಸರನ್ನ, ಚಪಾತಿ ಚೂರು. ರಕ್ತ ಪರೀಕ್ಷೆ ಮಾಡಿಸಿಬಿಡೋಣವೆ ಎಂದು ಕೇಳಿದೆ. ಆಹಾರದ ಅಲರ್ಜಿಗೆ ರಕ್ತ, ಕೂದಲು, ಜೊಲ್ಲಿನ ಪರೀಕ್ಷೆಗಳನ್ನು ನಂಬಿ ಕೂರುವಂತಿಲ್ಲ, ದಾರಿ ಒಂದೇ ಎಂದರು: ಎಂಟು ವಾರ ಕಟ್ಟುನಿಟ್ಟಿನ ಪಥ್ಯ. ನಮ್ಮದು ಮಾಂಸ ಬೇಯಿಸದ ಮನೆಯಾದ್ದರಿಂದ ಹೈಡ್ರೊಲೈಸ್ ಮಾಡಿದ ಆಹಾರ ಬರೆದರು. ಅದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣಗೆ ಒಡೆದಿರುತ್ತಾರೆಂದರೆ, ದೇಹದ ರಕ್ಷಣಾ ವ್ಯವಸ್ಥೆಗೆ ಅದರ ಗುರುತು ಹತ್ತುವುದಿಲ್ಲ. ಜೇಬಿಗೆ ಭಾರವೇ ಆಯಿತು. ಅದು, ನೀರು, ಬೇರೇನೂ ಇಲ್ಲ. ಮಾಂಸದ ರುಚಿ ಬೆರೆಸಿದ ಚಿಗಟದ ಮಾತ್ರೆಯನ್ನೂ ನಿಲ್ಲಿಸಿ, ಬೆನ್ನಿಗೆ ಹನಿ ಹಾಕುವ ಔಷಧಕ್ಕೆ ಬದಲಿಸಿದರು.

ಐದನೆಯ ವಾರ ಅಮ್ಮ ಧಾರವಾಡದಿಂದ ಬಂದರು. ಎಲ್ಲ ವಿವರಿಸಿ ಹೇಳಿದ್ದೆ. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಅಮ್ಮನ ಸೀರೆ ನೆರಿಗೆಯ ಹಿಂದೆ ಬುಗುರಿ ತುಪ್ಪ ಹಚ್ಚಿದ ಚಪಾತಿ ಮೆಲ್ಲುತ್ತಿದ್ದಾಳೆ. ನನ್ನ ದನಿ ಏರಿತು. ಅಮ್ಮ ಮುಖ ಸಣ್ಣ ಮಾಡಿಕೊಂಡು, "ಒಂದ ತುತ್ತಿಗೆ ಏನ ಆಗತೈತೋ? ಅದರ ಕಣ್ಣಾಗ ನೀರ ಬಂದಿತ್ತ ನೋಡಪಾ" ಎಂದರು. ಲೆಕ್ಕ ಮತ್ತೆ ಮೊದಲನೆಯ ದಿನದಿಂದ. ಅವತ್ತು ಅಮ್ಮನ ಮೇಲೆ ರೇಗಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ತುತ್ತು ಕೊಡುವುದೇ ಪ್ರೀತಿ ಎಂದು ನಮಗೆ ಕಲಿಸಿದವರೇ ಅವರು. ಮರುದಿನ ಅಮ್ಮನೇ ಬಂದು, "ಆ ಡಬ್ಬಿ ನನ್ನ ಕೈಯಾಗ ಕೊಡು, ಎಂಟ ವಾರ ನಾನ ಹಾಕತೀನಿ" ಎಂದರು. ಒಂದು ವಾರಕ್ಕೆಂದು ಬಂದವರು ಎರಡು ತಿಂಗಳು ನಿಂತರು. ಬೇರೆ ಯಾರೂ ಒಂದು ಅನ್ನದ ಅಗುಳು ಹಾಕದ ಹಾಗೆ ಕಾವಲು ಕಾದರು. ಮನೆಗೆ ಬಂದ ನೆಂಟರು ಬಿಸ್ಕತ್ತು ಚಾಚಿದರೆ, "ಪಥ್ಯ ಐತ್ರಿ ಅಕಿಗೆ" ಎಂದು ತಡೆಯುತ್ತಿದ್ದರು.

ಎಂಟು ವಾರ ಮುಗಿದಾಗ ಸಿಕ್ಕ ಉತ್ತರವೇನು ಗೊತ್ತೆ? ತುರಿಕೆಯಲ್ಲಿ ಏನೂ ವ್ಯತ್ಯಾಸವಿಲ್ಲ. ಹಳೆಯ ಆಹಾರಕ್ಕೆ ಮರಳಿದರೂ ಹೆಚ್ಚಾಗಲಿಲ್ಲ. ಎಂದರೆ ಆಹಾರದ ಅಲರ್ಜಿ ಅಲ್ಲ. ಇಷ್ಟು ಕಷ್ಟಪಟ್ಟಿದ್ದು ವ್ಯರ್ಥವಾಯಿತಲ್ಲ ಎಂದು ನನಗೆ ಬೇಸರ. ಡಾಕ್ಟರು ಮಾತ್ರ, "ಇನ್ನು ಜೀವಮಾನವಿಡೀ ಅವಳಿಗೆ ಯಾವುದನ್ನೂ ಸುಮ್ಮಸುಮ್ಮನೆ ನಿಲ್ಲಿಸಬೇಕಾಗಿಲ್ಲ. ಇದು ಸಣ್ಣ ಉತ್ತರವೆ?" ಎಂದರು. ಅಮ್ಮ ಬಟ್ಟಲಿಗೆ ಒಂದು ಚಮಚ ಮೊಸರನ್ನ ಹಾಕುತ್ತಾ, "ನೋಡ, ನನ್ನ ಮೊಸರನ್ನದ್ದೇನ ತಪ್ಪ ಇರಲಿಲ್ಲ" ಎಂದರು.

ಉಳಿದದ್ದು ಧೂಳು, ನುಸಿ, ಪರಾಗದ ಅಲರ್ಜಿ, ವೈದ್ಯರ ಭಾಷೆಯಲ್ಲಿ ಅಟೊಪಿಕ್ ಡರ್ಮಟೈಟಿಸ್. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆ ಅದರ ಜಾಗ. ಶಿಹ್ ಟ್ಸು, ಪಗ್, ಲಾಸಾ ಆಪ್ಸೊ ಮುಂತಾದ ಜಾತಿಗಳಲ್ಲಿ ಇದು ಕಾಣುವುದುಂಟು. ಇದನ್ನು ಪೂರ್ತಿ ವಾಸಿ ಮಾಡಲು ಬರುವುದಿಲ್ಲ, ನಿಭಾಯಿಸಬೇಕು. ಈ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ, ಒಂದು ಇಂಜೆಕ್ಷನ್ನಿಗೆ ವಾಸಿಯಾಗಲಿಲ್ಲವೆಂದು ನಾನು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುತ್ತಿರಲಿಲ್ಲ.

ನಿಭಾಯಿಸುವುದು ಹೀಗೆ. ವಾಕಿಂಗ್ ಮುಗಿಸಿ ಬಂದ ಕೂಡಲೇ ಒದ್ದೆ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ ಒಣಗಿಸುವುದು. ಊದುಬತ್ತಿ, ರೂಮ್ ಸ್ಪ್ರೇ ಅವಳಿರುವ ಕೋಣೆಯಲ್ಲಿ ಬೇಡ. ನೆಲ ಒರೆಸಲು ಫಿನೈಲ್ ಬಿಟ್ಟೆವು. ವಾರಕ್ಕೊಮ್ಮೆ ಸ್ನಾನ. ತಿಂಗಳು ತಪ್ಪದೆ ಚಿಗಟದ ಔಷಧ. ತುರಿಕೆ ಏರಿದಾಗ ಓಕ್ಲಾಸಿಟಿನಿಬ್ ಎಂಬ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ದಿನ ಕೊಡುತ್ತೇವೆ. ಅದು ಒಂದು ವರ್ಷ ತುಂಬಿದ ನಾಯಿಗಳಿಗೆ ಮಾತ್ರ, ನಡುನಡುವೆ ರಕ್ತ ಪರೀಕ್ಷೆಯೂ ಬೇಕು. ಸ್ಟೀರಾಯ್ಡ್ ಕೂಡ ಖಳನಾಯಕನಲ್ಲ, ಕಡಿಮೆ ದಿನಕ್ಕೆ, ಸರಿಯಾದ ಕಾರಣಕ್ಕೆ ಒಳ್ಳೆಯ ಔಷಧವೇ. ಕಾರಣ ಹುಡುಕದೆ ಮತ್ತೆ ಮತ್ತೆ ಚುಚ್ಚಿಸುವುದು ತಪ್ಪು, ದಿನವೂ ಕೊಡುತ್ತಿದ್ದುದನ್ನು ನಾವೇ ತಟ್ಟನೆ ನಿಲ್ಲಿಸುವುದೂ ತಪ್ಪು.

ಪತ್ರ ಬರೆದವರಿಗೆ ಇನ್ನೆರಡು ಮಾತು. ನಮ್ಮ ಡಬ್ಬಿಯ ಔಷಧಗಳನ್ನು ನಾಯಿಯಿಂದ ದೂರವಿಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು, ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆಯನ್ನು ಕೆಲವೊಮ್ಮೆ ಪಶುವೈದ್ಯರೇ ಬರೆಯುತ್ತಾರೆ. ಆದರೆ ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಸೇರಿದ ಮಾತ್ರೆ ಸಣ್ಣ ನಾಯಿಯ ಜೀವ ತೆಗೆಯಬಹುದು. ಕೇಳದೆ ಯಾವುದನ್ನೂ ಕೊಡಬೇಡಿ.

ಎರಡನೆಯದು, ದಿನಗಟ್ಟಲೆ ಇರುವ ತುರಿಕೆ ಬೇರೆ, ತಟ್ಟನೆ ಬರುವ ಅಲರ್ಜಿ ಬೇರೆ. ಜೇನುಹುಳ ಕಚ್ಚಿದ ಮೇಲೆ ಅಥವಾ ಲಸಿಕೆ ಹಾಕಿಸಿದ ಕೆಲವು ಗಂಟೆಗಳೊಳಗೆ ಮೂತಿ, ಕಣ್ಣಿನ ಸುತ್ತ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ವಾಂತಿ, ಭೇದಿ, ಒಸಡು ಬಿಳಿಚಿಕೊಳ್ಳುವುದು, ಉಸಿರಾಟಕ್ಕೆ ಕಷ್ಟ, ಕುಸಿದು ಬೀಳುವುದು ಕಂಡರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಓಡಿ. ಒಂದೇ ದಿನ ಹಲವು ಲಸಿಕೆ ಹಾಕಿಸಿದಾಗ ಸಣ್ಣ ನಾಯಿಗಳಿಗೆ ಇಂಥ ಪ್ರತಿಕ್ರಿಯೆಯ ಸಾಧ್ಯತೆ ದೊಡ್ಡವಕ್ಕಿಂತ ಹೆಚ್ಚು. ಹಾಗೆಂದು ಲಸಿಕೆ ಬಿಡಬೇಡಿ, ರೇಬಿಸ್ ಇರುವ ದೇಶ ನಮ್ಮದು. ಬೇರೆ ಬೇರೆ ದಿನ ಹಾಕಿಸಬಹುದೇ ಎಂದು ಕೇಳಿ. ಬೆಳಗಿನ ಹೊತ್ತು ಹಾಕಿಸಿ, ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂತು ಬನ್ನಿ.

ಈಗ ಎರಡು ವರ್ಷವಾಯಿತು. ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಇದೆ, ಮಗಳು ಪ್ರತಿ ರಾತ್ರಿ ಅದರಲ್ಲಿ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯುತ್ತಾಳೆ. ಸೊನ್ನೆ ಎಂದರೆ ತುರಿಕೆ ಇಲ್ಲ, ಹತ್ತು ಎಂದರೆ ನಿದ್ದೆಯೇ ಇಲ್ಲ. ಡಾಕ್ಟರು ನಮ್ಮ ಬಾಯಿಮಾತಿಗಿಂತ ಮೊದಲು ಆ ಕ್ಯಾಲೆಂಡರಿನ ಫೋಟೋ ಕೇಳುತ್ತಾರೆ. ಮೊದಲ ಪುಟದಲ್ಲೆಲ್ಲ ಎಂಟು, ಒಂಬತ್ತು. ಈ ತಿಂಗಳು ಹೆಚ್ಚಿನ ದಿನ ಎರಡು. ಕಳೆದ ಮಳೆಗಾಲದಲ್ಲಿ ಒಂದು ವಾರ ಆರಕ್ಕೆ ಏರಿತ್ತು, ಮತ್ತೆ ಇಳಿಯಿತು. ಸೊನ್ನೆ ಬರುವುದಿಲ್ಲವೆಂದು ನಮಗೀಗ ಗೊತ್ತು, ಅದಕ್ಕಾಗಿ ಕಾಯುವುದೂ ಇಲ್ಲ.

ನಾಯಿಗೆ ಬಾಯಿಲ್ಲ ಎನ್ನುತ್ತೇವೆ. ಬುಗುರಿ ಮೂರು ತಿಂಗಳು ದಿನಕ್ಕೆ ಹದಿನೈದು ಸಲ ಹೇಳಿದ್ದಳು, ನಾವು ವಿಡಿಯೋ ಮಾಡುತ್ತಿದ್ದೆವು ಅಷ್ಟೆ. ಈಗಲೂ ಅವಳು ಒಮ್ಮೊಮ್ಮೆ ಸುತ್ತುತ್ತಾಳೆ, ನಾನು ಆಫೀಸಿನಿಂದ ಬಂದಾಗ, ಅಮ್ಮನ ದನಿ ಫೋನಿನಲ್ಲಿ ಕೇಳಿದಾಗ. ಮಗಳು ಮೊದಲು ಅವಳನ್ನು ಹಿಡಿದು, ಬಾಲದ ಬುಡದ ಕೂದಲು ಬಿಡಿಸಿ ನೋಡುತ್ತಾಳೆ. ಏನೂ ಇಲ್ಲವೆಂದಾದ ಮೇಲೆ, "ಆಟಾನ ಐತಿ ಪಪ್ಪಾ" ಎನ್ನುತ್ತಾಳೆ. ಆಮೇಲೆ ಎಲ್ಲರೂ ನಗುತ್ತೇವೆ.

ನಿಮ್ಮ ಮನೆಯ ನಾಯಿಯ ಕಥೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.